ಯಂತ್ರಕ್ಕಿಂತ ಮೊದಲು ಮರ ಕೊಳ್ಳಿ

ಪ್ರಶ್ನೆ: ನನ್ನ ಊರು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ವಯಸ್ಸು 26. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಐದು ವರ್ಷದಿಂದ ಬೆಂಗಳೂರಿನಲ್ಲಿ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಕೂರಿಸುವ ಕೆಲಸದಲ್ಲಿದ್ದೇನೆ. ಪ್ಲೈವುಡ್, ಲ್ಯಾಮಿನೇಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಊರಿಗೆ ಬಂದು ಗಟ್ಟಿ ಮರದ ಮೇಜು, ಕುರ್ಚಿ, ಬಾಗಿಲು, ಮೆಟ್ಟಿಲುಗಳನ್ನು ಹೇಳಿ ಮಾಡಿಸುವವರಿಗೆ ಮಾಡಿಕೊಡುವ ವರ್ಕ್‌ಶಾಪ್ ಹಾಕುವ ಆಸೆ. ನಾಲ್ಕು ಲಕ್ಷ ಉಳಿಸಿದ್ದೇನೆ. ಯಾವ ಯಂತ್ರ ಮೊದಲು ಕೊಳ್ಳಲಿ? ಎಲ್ಲಿ ಕಲಿಯಲಿ? ಇದರಲ್ಲಿ ಸಂಸಾರ ನಡೆಯುತ್ತದೆಯೇ? ನಮ್ಮದು ಬಡಗಿ ಕೆಲಸದ ಆಚಾರಿ ಮನೆತನವಲ್ಲ. 'ಡಿಪ್ಲೊಮಾ ಓದಿ ಮರ ಕೀಸುವ ಹತ್ತರಿ ಹೊಡೆಯುವುದಾ' ಎಂದು ಅಪ್ಪ ಬೇಸರ ಮಾಡಿಕೊಂಡಿದ್ದಾರೆ.

ಉತ್ತರ: ಸದ್ಯಕ್ಕೆ ಯಾವ ಯಂತ್ರವನ್ನೂ ಕೊಳ್ಳಬೇಡಿ. ಮರ ಕೊಳ್ಳಿ. ಮಿಲ್ಲಿನಲ್ಲಿ ಸೀಳಿಸಿ, ಮನೆಯ ಹಿಂದೆ ಗಾಳಿ ಆಡುವ ನೆರಳಿನಲ್ಲಿ ಅಟ್ಟಿ ಹಾಕಿ, ಒಣಗಲು ಬಿಡಿ. ಅದು ಒಣಗುವ ತನಕ ನೀವು ಒಬ್ಬ ಒಳ್ಳೆಯ ಕೆಲಸಗಾರರ ಕೈಕೆಳಗೆ ನಿಂತು ಕಲಿಯಿರಿ. ನಾಲ್ಕು ಲಕ್ಷದಲ್ಲಿ ಒಂದೂವರೆ ಲಕ್ಷವನ್ನು ಮರಕ್ಕೇ ಹಾಕಿದರೂ ತಪ್ಪಿಲ್ಲ. ಕುಂಬಳೆ ಸೀಮೆಯಲ್ಲಿ ಮೂವತ್ತು ವರ್ಷ ಈ ಕೆಲಸ ಮಾಡಿ, ಹೊಸ ಯಂತ್ರ ತಂದು ಹಸಿ ಮರದಲ್ಲಿ ಕೆಲಸ ಮಾಡಿ ಹೆಸರು ಕೆಡಿಸಿಕೊಂಡ ಎಷ್ಟೋ ಹುಡುಗರನ್ನು ಕಂಡ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನೀವು ಬಂದಿರುವುದು ಪ್ಲೈವುಡ್ಡಿನ ಲೋಕದಿಂದ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೆ ಹೋದರೆ ಮುಂದಿನ ಪದರದ ಎಳೆ ಅಡ್ಡಕ್ಕೆ ಹೋಗುತ್ತದೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಎಂಟಡಿ ಹಲಗೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೊಯ್ದು ಕೂರಿಸಿದರೆ ಹತ್ತು ವರ್ಷ ಅಲ್ಲೇ ಇರುತ್ತದೆ. ಗಟ್ಟಿ ಮರ ಹಾಗಲ್ಲ. ಅದು ಗಾಳಿಯಲ್ಲಿರುವ ತೇವ ಕುಡಿಯುತ್ತದೆ, ಬಿಡುತ್ತದೆ. ಉದ್ದಕ್ಕೆ ಬದಲಾಗುವುದು ಲೆಕ್ಕಕ್ಕೆ ಬಾರದಷ್ಟು. ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಅಗಲದಲ್ಲೂ ಮರದ ಉಂಗುರಗಳ ಗುಂಟ ಹೋಗುವ ದಿಕ್ಕಿಗೆ, ನಡುವಿನಿಂದ ತೊಗಟೆಗೆ ಹೋಗುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಹಲಗೆ ದೋಣಿಯ ಹಾಗೆ ಬಾಗುವುದು ಇದೇ ಕಾರಣಕ್ಕೆ.

ಲೆಕ್ಕ ಹೇಳುತ್ತೇನೆ. ತೇಗ ಮರಗಳಲ್ಲೆಲ್ಲ ಸಮಾಧಾನಿ. ಆದರೂ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ದಿಕ್ಕಿಗೆ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಮೂರಡಿ ಅಗಲದ ಮೇಜಿನ ಹಲಗೆ ನಮ್ಮ ಮಳೆಗಾಲದಲ್ಲಿ ನೂರಕ್ಕೆ 16 ತೇವದಲ್ಲಿದ್ದು ಬೇಸಿಗೆಗೆ 12ಕ್ಕೆ ಇಳಿದರೆ, ಕಾಲು ಇಂಚು ಕಿರಿದಾಗುತ್ತದೆ. ಅದೇ ಮೇಜು ಎ.ಸಿ. ಇರುವ ಮನೆಗೆ ಹೋಗಿ 8ಕ್ಕೆ ಇಳಿದರೆ ಅರ್ಧ ಇಂಚು. ಅದನ್ನು ತಡೆಯುವ ಅಂಟಾಗಲಿ ಸ್ಕ್ರೂ ಆಗಲಿ ಇಲ್ಲ. ತಡೆದರೆ ಮರ ಒಡೆಯುತ್ತದೆ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಸ್ವಂತ ಕೆಲಸಕ್ಕೆ ಇಳಿದ ಆರನೇ ವರ್ಷ, ಬೆಂಗಳೂರಿನಲ್ಲಿ ನೆಲೆಸಿದ್ದ ನಮ್ಮ ಕಡೆಯ ಒಂದು ಸಂಸಾರಕ್ಕೆ ಆರು ಜನ ಕೂರುವ ತೇಗದ ಮೇಜು ಮಾಡಿಕೊಟ್ಟೆ. ಆಟಿ ತಿಂಗಳಲ್ಲಿ ಮಾಡಿದ ಕೆಲಸ. ಹೊರಗೆ ಹಗಲಿರುಳು ಮಳೆ. ಹಲಗೆ ಬಾಗಬಾರದೆಂದು ಅಡಿಯಲ್ಲಿ ಅಡ್ಡಕ್ಕೆ ಮೂರು ಪಟ್ಟಿ ಕೊಟ್ಟು, ಅಂಟು ಹಾಕಿ, ಸ್ಕ್ರೂ ಬಿಗಿದೆ. ನೋಡಿದವರೆಲ್ಲ ಹೊಗಳಿದರು. ಮುಂದಿನ ಫೆಬ್ರವರಿಯಲ್ಲಿ ಫೋನ್ ಬಂತು. ರಾತ್ರಿ ಬಸ್ ಹಿಡಿದು ಹೋದೆ. ಮೇಜಿನ ಒಂದು ತುದಿಯಿಂದ ಎರಡಡಿ ಒಳಗಿನವರೆಗೆ ಸೀಳು. ಆ ಮನೆಯ ಸಣ್ಣ ಹುಡುಗಿ ಅದರಲ್ಲಿ ಒಂದು ರೂಪಾಯಿಯ ನಾಣ್ಯ ನಿಲ್ಲಿಸಿ ಆಡುತ್ತಿದ್ದಳು. ಅವರು ಒಂದು ಮಾತೂ ಬೈಯಲಿಲ್ಲ. ನಾನು ಮೇಜನ್ನು ಕವುಚಿ ಹಾಕಿ ಸ್ಕ್ರೂ ಬಿಚ್ಚಿದೆ. ಕೊನೆಯ ಸ್ಕ್ರೂ ಸಡಿಲವಾಗುವಾಗ ಮರ ಟಕ್ ಎಂದು ಸದ್ದು ಮಾಡಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಆ ಮೇಜನ್ನು ಹೊಸದಾಗಿ ಮಾಡಿಕೊಟ್ಟೆ. ಈ ಸಲ ಅಡ್ಡಪಟ್ಟಿಯಲ್ಲಿ ಸ್ಕ್ರೂವಿನ ತೂತನ್ನು ಉರುಟಾಗಿ ಕೊರೆಯದೆ ಉದ್ದಕ್ಕೆ ಕೊರೆದೆ. ನಡುವಿನ ಸ್ಕ್ರೂ ಮಾತ್ರ ಬಿಗಿ, ಉಳಿದವು ಹಲಗೆಯ ಜತೆ ಅತ್ತಿತ್ತ ಸರಿಯುವ ಹಾಗೆ. ಇಷ್ಟೇ ವ್ಯತ್ಯಾಸ. ನಮ್ಮ ಹಳೆಯ ಬಾಗಿಲುಗಳನ್ನು ಮಾಡಿದವರಿಗೆ ಇದು ಗೊತ್ತಿತ್ತು. ಚೌಕಟ್ಟಿನ ಗಾಡಿಯಲ್ಲಿ, ಎಂದರೆ ಅಂಚಿನ ಉದ್ದಕ್ಕೆ ತೋಡಿದ ಕಾಲುವೆಯಲ್ಲಿ, ಹಲಗೆಯನ್ನು ಅಂಟಿಲ್ಲದೆ ಕೂರಿಸುತ್ತಿದ್ದರು. ಎಪ್ರಿಲ್‌ನಲ್ಲಿ ಯಾವುದಾದರೂ ಹಳೆಯ ಮನೆಗೆ ಹೋದರೆ ಬಾಗಿಲಿನ ಹಲಗೆಯ ಅಂಚನ್ನು ನೋಡಿ. ಪಾಲಿಶ್ ತಾಗದ ತೆಳುವಾದ ಬಿಳಿ ಗೆರೆ ಕಾಣುತ್ತದೆ. ಮಳೆ ಹಿಡಿದು ತಿಂಗಳಾದ ಮೇಲೆ ಹೋದರೆ ಆ ಗೆರೆ ಗಾಡಿಯ ಒಳಗೆ ಹೋಗಿರುತ್ತದೆ.

ಈಗ ಮರ ಒಣಗಿಸುವ ವಿಚಾರ. ಹಲಗೆ ಸೀಳಿಸಿದ ದಿನವೇ ಎರಡೂ ತುದಿಗಳಿಗೆ ದಪ್ಪಗೆ ಪೇಂಟ್ ಬಳಿಯಿರಿ. ತುದಿಯಿಂದ ನೀರು ಬೇಗ ಹೋಗುತ್ತದೆ, ಅಲ್ಲೇ ಸೀಳು ಹುಟ್ಟುವುದು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಕಟ್ಟಿ, ಮೇಲೆ ಸಮಮಟ್ಟಕ್ಕೆ ತೊಲೆ ಇಟ್ಟು, ಹಲಗೆ ಜೋಡಿಸಿ. ಹಲಗೆ ಹಲಗೆಯ ನಡುವೆ ಮುಕ್ಕಾಲು ಇಂಚಿನ ಒಣ ರೀಪು, ಎರಡೆರಡು ಅಡಿಗೆ ಒಂದರಂತೆ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಅರ್ಧ ಅಡಿ ಆಚೀಚೆ ಆದರೂ ಹಲಗೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ, ಆಮೇಲೆ ಹತ್ತರಿ ಹೊಡೆದು ನೇರ ಮಾಡುವಷ್ಟರಲ್ಲಿ ಒಂದೂವರೆ ಇಂಚಿನ ಹಲಗೆ ಒಂದು ಇಂಚಾಗಿರುತ್ತದೆ. ಮೇಲೆ ಭಾರ ಇಡಿ. ತಗಡಿನ ಮಾಡು ಇರಲಿ, ಬದಿಗಳು ತೆರೆದಿರಲಿ. ಟಾರ್ಪಾಲು ಸುತ್ತಿದರೆ ಬೂಷ್ಟು ಹಿಡಿಯುತ್ತದೆ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ. ನಮ್ಮಲ್ಲಿ ಡಿಸೆಂಬರಿನಿಂದ ಮೇವರೆಗೆ ಬೇಗ ಒಣಗುತ್ತದೆ, ಜೂನ್ ಬಂದ ಮೇಲೆ ನಿಂತೇ ಹೋಗುತ್ತದೆ. ಆದ್ದರಿಂದ ಮಳೆ ಬಿಟ್ಟ ಕೂಡಲೇ ಸೀಳಿಸಿದ ಮರಕ್ಕೂ ಮೇ ತಿಂಗಳಲ್ಲಿ ಸೀಳಿಸಿದ ಮರಕ್ಕೂ ಬಹಳ ಅಂತರ. ತೇವ ಅಳೆಯುವ ಮೀಟರ್ ಒಂದು ಕೊಳ್ಳಿ. ಅದು ತೋರಿಸುವುದನ್ನು ನಂಬುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ಪರೀಕ್ಷೆ ಮಾಡಿ. ಹಲಗೆಯ ನಡುವಿನಿಂದ ಸಣ್ಣ ತುಂಡು ಕೊಯ್ದು ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. 124 ಗ್ರಾಂ ಇದ್ದದ್ದು 110 ಆಯಿತೆಂದರೆ ಹೋದ ನೀರು 14 ಗ್ರಾಂ, ಅದನ್ನು 110ರಿಂದ ಭಾಗಿಸಿದರೆ ನೂರಕ್ಕೆ 12.7. ಊರಿನ ಮನೆಗೆ ಹೋಗುವ ಕೆಲಸಕ್ಕೆ ಅದು ಸರಿ. ಎ.ಸಿ. ಕೋಣೆಗೆ ಹೋಗುವುದಾದರೆ ಇನ್ನೂ ಇಳಿಯಬೇಕು. ಗಾಳಿಯಲ್ಲಿ ಅಷ್ಟು ಇಳಿಯುವುದಿಲ್ಲ, ಸೀಸನಿಂಗ್ ಕೋಣೆ ಇರುವವರಿಗೆ ಹಣ ಕೊಟ್ಟು ಒಣಗಿಸಿ ತರಬೇಕು.

ಯಾವ ಮರ? ಎಲ್ಲರೂ ತೇಗ ಎನ್ನುತ್ತಾರೆ. ನಾನು ನಿಮಗೆ ಹೇಳುವುದು ಹಲಸು. ನಮ್ಮ ತೋಟದ ಬದಿಯಲ್ಲೇ ಸಿಗುತ್ತದೆ, ಉಳಿಗೆ ಒಗ್ಗುತ್ತದೆ, ಚೇಗು (ನಡುವಿನ ಗಟ್ಟಿ ಭಾಗ) ಬಲಿತ ಮರವಾದರೆ ಗೆದ್ದಲು ಸುಲಭಕ್ಕೆ ಹತ್ತಿರ ಸುಳಿಯುವುದಿಲ್ಲ. ಯಕ್ಷಗಾನದ ಚೆಂಡೆಯ ಗೂಡು ಹಲಸಿನದ್ದೇ ಎಂಬುದು ಈ ಸೀಮೆಯವರಾದ ನಿಮಗೆ ಗೊತ್ತಿರುತ್ತದೆ. ಹೊಸದಾಗಿ ಕೊಯ್ದಾಗ ಅರಸಿನ ಬಣ್ಣ, ಬೆಳಕು ತಾಗುತ್ತಾ ಹೋದಂತೆ ಜೇನಿನ ಬಣ್ಣ, ಹತ್ತಿಪ್ಪತ್ತು ವರ್ಷಕ್ಕೆ ಕಂದು. ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ 'ಬಣ್ಣ ಹೋಯಿತು' ಎಂದು ಬರುತ್ತಾರೆ. ಹೆಬ್ಬಲಸು ಬಾಗಿಲಿಗೂ ಮುಚ್ಚಿಗೆಗೂ (ಹಲಗೆಯ ಒಳಮಾಡು) ಚಂದ. ದಾರಂದಕ್ಕೆ, ಎಂದರೆ ಬಾಗಿಲಿನ ಚೌಕಟ್ಟಿಗೆ, ಕಿರಾಲ್‌ಬೋಗಿ ಮರ ಸಿಕ್ಕಿದರೆ ಬಿಡಬೇಡಿ, ಆದರೆ ಉಳಿಯ ಬಾಯಿ ದಿನಕ್ಕೆ ನಾಲ್ಕು ಸಲ ಮಸೆಯಬೇಕಾದೀತು. ಮಲಯಾಳ ಮಾತಾಡುವ ವ್ಯಾಪಾರಿಗಳ ಹತ್ತಿರ ಹೋದಾಗ ಹೆಸರು ಬದಲಾಗುತ್ತದೆ. ನಮ್ಮ ಬೀಟೆ ಅವರಿಗೆ ಈಟ್ಟಿ, ಹಲಸು ಪ್ಲಾವು, ಹೆಬ್ಬಲಸು ಆಂಞಿಲಿ. ಎರಡೂ ಹೆಸರು ಬಾಯಲ್ಲಿರಲಿ. ಬೀಟೆಯನ್ನು ಮಾತ್ರ ಈಗ ಮುಟ್ಟಬೇಡಿ. ಬೆಲೆಯ ಮಾತು ಹಾಗಿರಲಿ, ಅದು 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ, ಕಾಗದಪತ್ರದ ತೊಡಕು ಕಲಿಕೆಯ ಕಾಲಕ್ಕೆ ಬೇಡ. ಯಾವ ಮರವೇ ಆಗಲಿ ಬಿಲ್ ಇಲ್ಲದೆ ಕೊಳ್ಳಬೇಡಿ. ಪುತ್ತೂರು, ಸುಳ್ಯ ಕಡೆಯಿಂದ ಗಡಿ ದಾಟಿಸಿ ತರುವುದಾದರೆ ಯಾವ ಮರಕ್ಕೆ ಅರಣ್ಯ ಇಲಾಖೆಯ ಪಾಸ್ ಬೇಕು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಮರದ ದಿಮ್ಮಿ ಅಳೆಯುವಾಗ ಮೋಸ ಹೋಗದಿರಲು ಒಂದು ಮಾತು. ವ್ಯಾಪಾರದಲ್ಲಿ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 48 ಇಂಚು ಸುತ್ತಿನ ಹತ್ತಡಿ ದಿಮ್ಮಿ ಎಂದರೆ ಹತ್ತು ಘನ ಅಡಿ. ನಿಜವಾದ ಗಾತ್ರಕ್ಕಿಂತ ಈ ಲೆಕ್ಕ ನೂರಕ್ಕೆ 21ರಷ್ಟು ಕಡಿಮೆ ಬರುತ್ತದೆ. ಕೊಳ್ಳುವವನಿಗೆ ಲಾಭ ಎಂದು ಹಿಗ್ಗಬೇಡಿ, ತೊಗಟೆ, ಅದರ ಒಳಗಿನ ಬಿಳಿ ಮರ, ಗಂಟು, ಗರಗಸದ ಹುಡಿ ಎಲ್ಲ ಕಳೆದು ಕೆಲಸಕ್ಕೆ ಬರುವ ಹಲಗೆ ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕಿದರೆ ಪುಣ್ಯ.

ಕಲಿಯುವುದು ಎಲ್ಲಿ ಎಂದು ಕೇಳಿದ್ದೀರಿ. ಐ.ಟಿ.ಐ.ಯ ಬಡಗಿ ತರಬೇತಿ ಒಂದು ವರ್ಷದ್ದು. ಡಿಪ್ಲೊಮಾ ಆದ ನಿಮಗೆ ಅದರ ಡ್ರಾಯಿಂಗ್ ಹೊಸತಲ್ಲ. ಕೆತ್ತನೆಯ ಕಡೆ ಮನಸ್ಸಿದ್ದರೆ ಕಾರ್ಕಳದ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ, ಕಲ್ಲು, ಮರ, ಲೋಹದ ಶಿಲ್ಪ ಕಲಿಸುತ್ತಾರೆ. ದೇವಸ್ಥಾನದ ಕೆಲಸ ಹಿಡಿಯಬೇಕೆಂದಿದ್ದರೆ ಅಲ್ಲಿಗೆ ಹೋಗುವುದೇ ಒಳ್ಳೆಯದು. ಮರದ ವಿಜ್ಞಾನ, ಆಧುನಿಕ ಯಂತ್ರಗಳ ಸಣ್ಣ ಅವಧಿಯ ತರಬೇತಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ನೀವು ಹೇಗೂ ಬೆಂಗಳೂರಿನಲ್ಲೇ ಇರುವವರು, ಊರಿಗೆ ಬರುವ ಮೊದಲು ಅಲ್ಲಿ ಹೋಗಿ ವಿಚಾರಿಸಿ.

ಆದರೆ ಇವೆಲ್ಲ ಅರ್ಧ. ಉಳಿದ ಅರ್ಧ ಕೈಯಿಂದ ಕೈಗೆ ಬರುವಂಥದ್ದು. ನಾನು ದೊಡ್ಡಪ್ಪನ ಬಳಿ ಕಲಿತವನು. ಮೊದಲ ನಾಲ್ಕು ತಿಂಗಳು ಅವರು ಕೊಟ್ಟ ಕೆಲಸ ಎರಡೇ, ಉಳಿ ಮಸೆಯುವುದು ಮತ್ತು ಹತ್ತರಿ ಹೊಡೆಯುವುದು. ಮಸೆದ ಉಳಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಲಸಿನ ತುಂಡಿನ ತಲೆಗೆ, ಎಂದರೆ ಎಳೆ ಕಡಿದ ತುದಿಗೆ, ಒಂದು ಸಲ ಒತ್ತಿ ಸಿಪ್ಪೆ ತೆಗೆಯುತ್ತಿದ್ದರು. ಕೊಯ್ದ ಜಾಗ ಹೊಳೆದರೆ ಸರಿ, ಹುಡಿಹುಡಿಯಾಗಿ ಬಿಳಿಚಿಕೊಂಡರೆ ಉಳಿಯನ್ನು ಮಾತಿಲ್ಲದೆ ಸಾಣೆಕಲ್ಲಿನ ಮೇಲೆ ಇಡುತ್ತಿದ್ದರು. ನೀವೂ ಇದೇ ಪರೀಕ್ಷೆ ಮಾಡಿ. ತೋಳಿನ ಕೂದಲು ಬೋಳಿಸಿ ನೋಡುವುದಕ್ಕಿಂತ ಇದು ಸತ್ಯ ಹೇಳುತ್ತದೆ. ಹತ್ತರಿಯ ಸಿಪ್ಪೆ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಸುರುಳಿಯಾಗಿ ಬರುವ ದಿನ ನಿಮಗೇ ಗೊತ್ತಾಗುತ್ತದೆ. ಸದ್ದೇ ಬದಲಾಗುತ್ತದೆ.

ಯಾರ ಬಳಿ ನಿಲ್ಲುವುದು? ಒಂದು ದಾರಂದವನ್ನಾಗಲಿ ಕುರ್ಚಿಯನ್ನಾಗಲಿ ಮೊಳೆ ಇಲ್ಲದೆ ಜೋಡಿಸಬಲ್ಲವರನ್ನು ಹುಡುಕಿ. ಕೆಲವು ವರ್ಷದ ಹಿಂದೆ ಕುಂಬಳೆ ಹತ್ತಿರದ ಒಂದು ತರವಾಡು (ಹಿರಿಯರ ಕಾಲದ ಮೂಲ) ಮನೆಯ ಚಾವಡಿ ಬಿಚ್ಚುವ ಕೆಲಸ ಬಂತು. ದಾರಂದವನ್ನು ಹಾರೆ ಹಾಕಿ ಎಬ್ಬಿಸಬೇಕಾದೀತೆಂದು ನಮ್ಮ ಹುಡುಗರು ತಯಾರಾಗಿದ್ದರು. ಮೂಲೆಯಲ್ಲಿ ಮರದ ಎರಡು ಗೂಟ ಕಂಡಿತು. ಹಿಂದಿನಿಂದ ಕೊಡತಿಯಲ್ಲಿ ಎರಡು ಪೆಟ್ಟು ಕೊಟ್ಟೆ, ಗೂಟ ಹೊರಬಂತು, ಮೂಲೆ ಕೈಯಲ್ಲೇ ಬಿಚ್ಚಿಕೊಂಡಿತು. ಒಳಗೆ ನೋಡಿದರೆ ಗೂಟ ಹೋಗುವ ಕಂಬದ ತೂತಿಗೂ, ಕಂಬದೊಳಗೆ ಕೂರುವ ನಾಲಗೆಯ ತೂತಿಗೂ ನೇರದಲ್ಲಿ ಅರ್ಧ ನೂಲಿನಷ್ಟು (ಇಂಚಿನ ಹದಿನಾರನೇ ಒಂದು ಪಾಲು) ವ್ಯತ್ಯಾಸ. ಬೇಕೆಂದೇ ಇಟ್ಟದ್ದು. ಗೂಟ ಹೊಡೆದಾಗ ಅದು ನಾಲಗೆಯನ್ನು ಒಳಕ್ಕೆ ಎಳೆದು ಬಿಗಿ ಮಾಡುತ್ತದೆ. ಅಂಟಿನ ಸೋಂಕಿಲ್ಲ. ಅಷ್ಟು ವರ್ಷ ಬಿಗಿಯಾಗಿ ನಿಂತದ್ದು, ಬೇಕಾದಾಗ ಎರಡೇ ಪೆಟ್ಟಿಗೆ ಬಿಚ್ಚಿತು. ಅದನ್ನು ಮಾಡಿದವರ ಹೆಸರು ಆ ಮನೆಯವರಿಗೂ ಗೊತ್ತಿಲ್ಲ. ನಾನು ಆ ಮೂಲೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅಂಥವರು ಈಗಲೂ ಇದ್ದಾರೆ. ಹೆಚ್ಚಿನವರು ಅರುವತ್ತು ದಾಟಿದವರು. ಅವರ ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ. ನೀವು ಹೋಗಿ 'ಕಲಿಸಿ' ಎಂದರೆ ಮೊದಲ ದಿನ ಒಪ್ಪಲಿಕ್ಕಿಲ್ಲ. ಬ್ರಹ್ಮಕಲಶದ ಕೆಲಸ ನಡೆಯುವ ದೇವಸ್ಥಾನ, ದೈವಸ್ಥಾನಗಳಲ್ಲಿ ಅವರು ಸಿಗುತ್ತಾರೆ. ಹಲಗೆ ಹಿಡಿಯಲು ಜನ ಬೇಕಾಗಿರುತ್ತದೆ, ಹಿಡಿಯಿರಿ. ಎರಡು ವರ್ಷವಾದರೂ ಕಡಿಮೆ ಸಂಬಳಕ್ಕೆ ನಿಲ್ಲುವ ಮನಸ್ಸು ಮಾಡಿ. ನಿಮ್ಮ ಉಳಿತಾಯದ ಒಂದು ಲಕ್ಷ ಅದಕ್ಕೇ ಮೀಸಲಿರಲಿ, ಮನೆಗೆ ಭಾರ ಆಗಬಾರದಲ್ಲ. ಆ ಹಿರಿಯರು ಅಳೆಯುವುದು ಕೋಲು, ಅಂಗುಲದಲ್ಲಿ. 24 ಅಂಗುಲಕ್ಕೆ ಒಂದು ಕೋಲು, ಸುಮಾರು 72 ಸೆಂಟಿಮೀಟರ್. ಆಯ (ವಾಸ್ತುವಿನ ಅಳತೆ) ನೋಡಿ ಮನೆ ಕಟ್ಟಿಸುವವರು ನಮ್ಮಲ್ಲಿ ಇನ್ನೂ ಬಹಳ ಇದ್ದಾರೆ, ಬಾಗಿಲಿನ ಅಳತೆಯನ್ನು ಈ ಲೆಕ್ಕದಲ್ಲೇ ಕೊಡುತ್ತಾರೆ. ಮಿಲಿಮೀಟರ್ ಮಾತ್ರ ಗೊತ್ತಿದ್ದವನಿಗೆ ಅಲ್ಲಿ ಕೆಲಸ ಇಲ್ಲ.

ಕಣ್ಣಿಗೂ ಅಭ್ಯಾಸ ಬೇಕು. ಮಧೂರಿನ ದೇವಸ್ಥಾನಕ್ಕೆ ಹೋದಾಗ ಕೈಮುಗಿದು ಬಂದುಬಿಡಬೇಡಿ, ಮರದಲ್ಲಿ ಕೆತ್ತಿದ ರಾಮಾಯಣದ ಪ್ರಸಂಗಗಳನ್ನು ನಿಂತು ನೋಡಿ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಬೇರೆ ಬೇರೆ ಊರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದಾರೆ, ಕಂಬ, ಬೋದಿಗೆ, ಮುಚ್ಚಿಗೆ ಎಲ್ಲ ಹತ್ತಿರದಿಂದ ನೋಡಬಹುದು. ತೆಂಕಣ ತುದಿಯ ಪದ್ಮನಾಭಪುರದ ಮರದ ಅರಮನೆಗೆ ಒಮ್ಮೆ ಹೋಗಿಬನ್ನಿ. ಹೋದಲ್ಲೆಲ್ಲ ಪುಸ್ತಕ, ಪೆನ್ಸಿಲ್ ಇರಲಿ. ಫೋಟೊ ತೆಗೆದರೆ ಮರೆತುಹೋಗುತ್ತದೆ, ಬರೆದುಕೊಂಡದ್ದು ಕೈಗೆ ಹತ್ತುತ್ತದೆ.

ಸಂಸಾರ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಬರೋಣ. ನಡೆಯುತ್ತದೆ, ಲೆಕ್ಕ ಸರಿ ಹಾಕಿದರೆ. ನಮ್ಮ ಕಡೆ ಒಳ್ಳೆಯ ಕೆಲಸಗಾರರು ಸೋತದ್ದನ್ನು ಕಂಡಿದ್ದೇನೆ, ಉಳಿ ಹಿಡಿಯುವಲ್ಲಿ ಅಲ್ಲ, ಬೆಲೆ ಹೇಳುವಲ್ಲಿ. 'ಮರಕ್ಕೆ ಇಷ್ಟು, ಕೂಲಿ ಇಷ್ಟು' ಎಂದು ಕೂಡಿಸಿ ಹೇಳಿಬಿಡುತ್ತಾರೆ. ಒಂದು ಉದಾಹರಣೆ ಹಾಕುತ್ತೇನೆ, ದರಗಳನ್ನು ಲೆಕ್ಕಕ್ಕೆಂದು ಇಟ್ಟದ್ದು, ನಿಮ್ಮಲ್ಲಿನ ದರ ಹಾಕಿಕೊಳ್ಳಿ. ಆರಡಿ, ಮೂರಡಿಯ ಮೇಜು. ಸಿದ್ಧವಾದ ಮೇಜಿನಲ್ಲಿ ಇರುವ ಮರ ಮೂರು ಘನ ಅಡಿ. ಆದರೆ ಅದಕ್ಕೆ ಬೇಕಾಗುವುದು ನಾಲ್ಕೂವರೆ, ಉಳಿದದ್ದು ಸಿಪ್ಪೆ, ತುಂಡು. ಘನ ಅಡಿಗೆ 3,000 ಎಂದರೆ 13,500. ಕೆಲಸ ಹತ್ತು ದಿನ, ಪಾಲಿಶ್ ಮೂರು ದಿನ, ದಿನಕ್ಕೆ 1,500ರಂತೆ 19,500. ಇಲ್ಲಿಗೆ 33,000. ಹೆಚ್ಚಿನವರು ಇಲ್ಲಿ ನಿಲ್ಲುತ್ತಾರೆ. ಪಾಲಿಶ್ ಸಾಮಾನು, ಸ್ಯಾಂಡ್‌ಪೇಪರ್, ಅಂಟು 2,500. ಶೆಡ್ಡಿನ ಬಾಡಿಗೆ, ಕರೆಂಟು, ಬ್ಲೇಡು, ಫೋನು, ಯಂತ್ರದ ಸವೆತ ಸೇರಿ ತಿಂಗಳಿಗೆ 18,000 ಖರ್ಚಿದ್ದು 24 ದಿನ ಕೆಲಸ ನಡೆದರೆ ದಿನಕ್ಕೆ 750, ಹದಿಮೂರು ದಿನಕ್ಕೆ 9,750. ಈಗ 45,250 ಆಯಿತು. ಇದು ಅಸಲು ಮಾತ್ರ. ನೂರಕ್ಕೆ 15 ಲಾಭ ಇಟ್ಟರೆ 52,000. ಮೂವತ್ತಮೂರಕ್ಕೆ ಒಪ್ಪಿಕೊಂಡವನು ಪ್ರತಿ ಮೇಜಿಗೆ ಹನ್ನೆರಡು ಸಾವಿರ ಕೈಯಿಂದ ಹಾಕುತ್ತಿದ್ದಾನೆ, ಅವನಿಗೆ ಅದು ಗೊತ್ತಿಲ್ಲ. ಒಣಗಲು ಇಟ್ಟ ಮರದಲ್ಲಿ ಸಿಕ್ಕಿಕೊಂಡ ಹಣದ ಬಡ್ಡಿಯನ್ನು ನಾನು ಇನ್ನೂ ಹಾಕಿಯೇ ಇಲ್ಲ.

52,000 ಕೊಡುವವರು ಇದ್ದಾರೆಯೇ? ಎಲ್ಲರೂ ಕೊಡುವುದಿಲ್ಲ. ಸಾಮಾನ್ಯ ಕುರ್ಚಿ, ಮಂಚದ ವ್ಯಾಪಾರ ಫ್ಯಾಕ್ಟರಿಯ ಪಾಲಾಗಿದೆ. ಹೊರಬಾಗಿಲಿಗೆ ಸ್ಟೀಲ್, ಕಿಟಕಿಗೆ ಯು.ಪಿ.ವಿ.ಸಿ. ಬಂದಿದೆ. ಅವುಗಳ ಜತೆ ಬೆಲೆಯಲ್ಲಿ ಪೈಪೋಟಿಗೆ ಇಳಿದರೆ ಮುಗಿಯಿತು. ನಿಮ್ಮ ಗಿರಾಕಿಗಳು ಬೇರೆ. ಉಪ್ಪಳ, ಕುಂಬಳೆ, ಕಾಸರಗೋಡಿನಲ್ಲಿ ಗಲ್ಫ್ ದುಡಿಮೆಯಿಂದ ಮನೆ ಕಟ್ಟಿಸುವವರು ಎದುರಿನ ಬಾಗಿಲು, ಮೆಟ್ಟಿಲ ರೇಲಿಂಗಿಗೆ ಮನಸ್ಸುಬಿಟ್ಟು ಖರ್ಚು ಮಾಡುತ್ತಾರೆ. ಹಳೆಯ ಮನೆ ಕೆಡವದೆ ಸರಿಪಡಿಸುವವರು ಹೆಚ್ಚುತ್ತಿದ್ದಾರೆ. ಬೇಕಲದ ಕಡೆ ರೆಸಾರ್ಟುಗಳಿವೆ. ಮಂಗಳೂರು, ಕಣ್ಣೂರಿನ ಆರ್ಕಿಟೆಕ್ಟರು ಹೇಳಿದ ದಿನಕ್ಕೆ ಹೇಳಿದ ಅಳತೆಯಲ್ಲಿ ಕೊಡುವವರನ್ನು ಹುಡುಕುತ್ತಲೇ ಇರುತ್ತಾರೆ. ಇಲ್ಲಿ ನಿಮ್ಮ ಡಿಪ್ಲೊಮಾ ಕೆಲಸಕ್ಕೆ ಬರುತ್ತದೆ. ಡ್ರಾಯಿಂಗ್ ಓದಿ, ತಾನೇ ಡ್ರಾಯಿಂಗ್ ಮಾಡಿ ಒಪ್ಪಿಗೆ ಪಡೆದು ಕೆಲಸ ಶುರು ಮಾಡುವ ಬಡಗಿಗಳು ನಮ್ಮಲ್ಲಿ ಬಹಳ ಕಡಿಮೆ. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ನೆಂಟರಾದರೂ ತೆಗೆದುಕೊಳ್ಳಿ.

ಯಂತ್ರಗಳ ಮಾತು ಒಂದೆರಡು ಸಾಲಿನಲ್ಲಿ. ಒಂದು ವರ್ಷದ ನಂತರ ಮೊದಲು ಥಿಕ್‌ನೆಸ್ ಪ್ಲೇನರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಯಂತ್ರ), ಸೆಕೆಂಡ್ ಹ್ಯಾಂಡ್ ಸಾಕು. ಆಮೇಲೆ ಬ್ಯಾಂಡ್ ಸಾ (ಪಟ್ಟಿ ಗರಗಸ). ಸಿ.ಎನ್‌.ಸಿ. (ಕಂಪ್ಯೂಟರ್ ನಡೆಸುವ ಯಂತ್ರ) ಕೆಲಸವನ್ನು ಪೇಟೆಯಲ್ಲಿ ಕೂಲಿಗೆ ಮಾಡಿಸಬಹುದು. ಶೆಡ್ಡಿಗೆ ಮೂರು ಫೇಸ್ ಲೈನು ಸಿಗುತ್ತದೆಯೇ ಎಂದು ಜಾಗ ನೋಡುವಾಗಲೇ ವಿಚಾರಿಸಿ. ಗಾರ್ಡ್ ಬಿಚ್ಚಿದ ಕಟ್ಟರ್ ಹಿಡಿಯಬೇಡಿ. ನನ್ನ ಜತೆ ಕೆಲಸ ಮಾಡುತ್ತಿದ್ದವರೊಬ್ಬರು ಎರಡು ಬೆರಳು ಕಳೆದುಕೊಂಡದ್ದು ಹಾಗೆಯೇ, ಅರ್ಧ ನಿಮಿಷದ ಕೆಲಸಕ್ಕೆ. ಮರದ ಹುಡಿಯನ್ನು ಕಡೆಗಣಿಸುವುದು ಅದಕ್ಕಿಂತ ದೊಡ್ಡ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮೂಗಿನ ಒಳಭಾಗಕ್ಕೆ ಅಪಾಯ ಹೆಚ್ಚು. ಬಾಯಿಗೆ ಬೈರಾಸು (ಟವೆಲ್) ಕಟ್ಟಿದರೆ ಸಾಲದು. ಎನ್-95 ಮಾಸ್ಕ್ ಹಾಕಿ, ಹುಡಿ ಎಳೆಯುವ ವ್ಯವಸ್ಥೆಯನ್ನು ಪ್ಲೇನರಿನ ಜತೆಯಲ್ಲೇ ಕೊಳ್ಳಿ. ಗೇರುಬೀಜದ ಸಿಪ್ಪೆಯ ಎಣ್ಣೆ ಮಾಡಿನ ಪಕ್ಕಾಸಿಗೆ, ಗೋಡೆಗೆ ತಾಗುವ ದಾರಂದದ ಹಿಂಬದಿಗೆ ಒಳ್ಳೆಯದು, ಆದರೆ ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಕೈ ಆಡುವ ಮೇಜು, ಕುರ್ಚಿಗೆ ಅದು ಸಲ್ಲದು.

ಸರಕಾರದ ನೆರವು ಕೇಳಿದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷ ಸಾಲ. ಅದು ಕೈಯಿಂದ ಸ್ವಂತ ಕೆಲಸ ಮಾಡುತ್ತಿರುವವರಿಗೆ, ಕುಟುಂಬಕ್ಕೆ ಒಬ್ಬರಿಗೆ. ಕೆಲಸ ಶುರು ಮಾಡಿದ ಮೇಲೆ ಪಂಚಾಯತಿನಲ್ಲಿ ಕೇಳಿ. ಅಲ್ಲಿವರೆಗೆ ಸಾಲದ ದಾರಿ ನೋಡಬೇಡಿ.

ನಿಮ್ಮ ಅಪ್ಪನ ಬೇಸರ ನನಗೆ ಅರ್ಥವಾಗುತ್ತದೆ. ನನ್ನ ಅಪ್ಪ ಆಚಾರಿಯಾಗಿದ್ದೂ ನಾನು ಈ ಕೆಲಸಕ್ಕೆ ಬರುವುದು ಬೇಡ ಎಂದವರು. ಅವರು ಕಂಡದ್ದು ಜಗಲಿಯ ಕೆಳಗೆ ನಿಂತು ಕೂಲಿ ಪಡೆದ ದಿನಗಳನ್ನು. ನಿಮ್ಮ ಅಪ್ಪನಿಗೆ ವಾದ ಹೇಳಬೇಡಿ. ಪುದುಚೇರಿಯಲ್ಲಿ 1930ರ ದಶಕದ ಕೊನೆಗೆ ಕಟ್ಟತೊಡಗಿದ ಗೋಲ್ಕೊಂಡ ಎಂಬ ವಸತಿಗೃಹವಿದೆ, ಗಾಳಿ ಆಡುವಂತೆ ತೇಗದ ಪಟ್ಟಿಗಳಲ್ಲಿ ಮಾಡಿದ ಅದರ ಜಾರುಬಾಗಿಲುಗಳು ಹೆಸರುವಾಸಿ. ಅಲ್ಲಿ ಕೆಲಸ ನೋಡಿಕೊಂಡ ಆರ್ಕಿಟೆಕ್ಟ್ ಜಾರ್ಜ್ ನಕಾಶಿಮಾ ಅಮೆರಿಕದಲ್ಲಿ ದೊಡ್ಡ ಓದು ಓದಿದವರು. ಮೂವತ್ತೇಳರ ವಯಸ್ಸಿಗೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ತನ್ನಲ್ಲಿದ್ದ ಜಪಾನಿ ಮೂಲದವರನ್ನು ಕೂಡಿಹಾಕಿದ ಶಿಬಿರದಲ್ಲಿ, ಒಬ್ಬ ಜಪಾನಿ ಬಡಗಿಯ ಕೈಕೆಳಗೆ ಕೂತು ಜೋಡಣೆ ಕಲಿತರು. ಆಮೇಲೆ ಜೀವನವಿಡೀ ಮೇಜು, ಕುರ್ಚಿ ಮಾಡಿದರು. ಈ ಕತೆಯನ್ನು ಹೇಳುತ್ತಿರುವುದು ನಿಮಗೆ. ಅಪ್ಪನಿಗೆ ಕತೆ ಬೇಡ, ಒಂದು ಸ್ಟೂಲ್ ಮಾಡಿಕೊಡಿ.

ಹಲಸಿನಲ್ಲಿ ಮಾಡಿ, ಹದಿನೈದು ಇಂಚು ಎತ್ತರ, ನಾಲ್ಕು ಕಾಲು, ಎರಡು ಅಡ್ಡಪಟ್ಟಿ. ಒಂದು ಮೊಳೆ, ಒಂದು ಸ್ಕ್ರೂ ಇಲ್ಲದೆ, ಗೂಟ ಹಾಕಿ ಬಿಗಿಯಿರಿ. ಮೊದಲನೆಯದು ಕುಂಟುತ್ತದೆ, ಎರಡನೆಯದೂ ಕುಂಟಬಹುದು. ಕುಂಟದ್ದೊಂದು ಬಂದಾಗ ಅಪ್ಪ ಸಂಜೆ ಕೂರುವ ಜಗಲಿಯಲ್ಲಿ ಇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಅದು ಅಲ್ಲಿರಲಿ. ಆಮೇಲೆ ಸಿಮೆಂಟಿನ ನೆಲದ ಮೇಲಿಟ್ಟು, ಒಂದೊಂದು ಕಾಲಿನಡಿಯಲ್ಲೂ ಕಾಗದದ ಚೂರು ತೂರಿಸಿ ನೋಡಿ. ನಾಲ್ಕೂ ಕಡೆ ಕಾಗದ ಸಿಕ್ಕಿಕೊಂಡರೆ, ಅಟ್ಟಿ ಹಾಕಿದ ಮರದಿಂದ ಮೊದಲ ಹಲಗೆ ತೆಗೆಯಿರಿ.